ಅತ್ತೆಯ ದುಂಡು ಮುಖ ಮತ್ತು ಮೊಣಕಾಲಿನ ಪುಡಿ

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಲ್ಯಾಬ್ ಟೆಕ್ನಿಷಿಯನ್ ಎನ್ನುತ್ತೇನೆ. ಅವರು ಮೆಚ್ಚುಗೆಯಿಂದ ತಲೆ ಆಡಿಸುತ್ತಾರೆ. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಕೇಳಿದರೆ ಮಾತ್ರ ನಿಜ ಹೇಳುತ್ತೇನೆ: ಇಪ್ಪತ್ತು ವರ್ಷದಿಂದ ಮಂದಿಯ ಹೇಲು ನೋಡಿ ಹೊಟ್ಟೆ ಹೊರೆಯುತ್ತಿದ್ದೇನೆ. ರಕ್ತ, ಉಚ್ಚೆ, ಕಫ ಎಲ್ಲವೂ ನಮ್ಮಲ್ಲಿಗೆ ಬರುತ್ತವೆ, ಆದರೆ ಆ ಒಂದು ಮಾತಿಗೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಮದುವೆ ಮನೆಗಳಲ್ಲಿ ನನಗೆ ಯಾವಾಗಲೂ ಆರಾಮಾಗಿ ಜಾಗ ಸಿಗುವುದು ಹೀಗೆ.

ಸ್ಯಾಂಪಲ್ ತರುವುದರಲ್ಲಿ ನಮ್ಮ ಕಡೆಯವರಿಗೆ ಒಂದು ಪದ್ಧತಿ ಇದೆ. ಲ್ಯಾಬಿನಿಂದ ಮುಚ್ಚಳದ ಹೊಸ ಡಬ್ಬಿ ಕೊಟ್ಟು ಕಳಿಸಿದರೆ ಅದು ಚೆನ್ನಾಗಿದೆಯೆಂದು ಮನೆಯಲ್ಲಿ ಲವಂಗ ಯಾಲಕ್ಕಿ ಹಾಕಲು ಇಟ್ಟುಕೊಳ್ಳುತ್ತಾರೆ, ಸ್ಯಾಂಪಲ್ಲನ್ನು ಕಡ್ಡಿಪೆಟ್ಟಿಗೆಯಲ್ಲಿ ತರುತ್ತಾರೆ. ಜೊಯಿಡಾದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರು ಮೂರು ಖಾನೆಯ ಊಟದ ಡಬ್ಬಿಯಲ್ಲಿ ತಂದಿದ್ದರು. ಕೆಳಗಿನ ಖಾನೆಯಲ್ಲಿ ಸ್ಯಾಂಪಲ್, ಮೇಲಿನ ಎರಡರಲ್ಲಿ ಅವರ ಮಧ್ಯಾಹ್ನದ ಊಟ. ಬಸ್ಸು ದಿನಕ್ಕೆ ಎರಡೇ ಇರುವಾಗ ಮನುಷ್ಯ ಎರಡೆರಡು ಡಬ್ಬಿ ಹೊರುವುದಾದರೂ ಯಾಕೆ ಎಂದು ಅವರ ವಾದ. ಇನ್ನೊಂದು ಪದ್ಧತಿಯೆಂದರೆ ಯಾರೂ ಇದು ನನ್ನದು ಎನ್ನುವುದಿಲ್ಲ. ನೆರೆಮನೆಯವರದು, ಬೀಗರದು, ಸಾಹೇಬರ ಮನೆಯ ಆಳಿನದು. ಹೆಸರು ಬರೆಸುವಾಗ ಒಂದು, ರಿಪೋರ್ಟು ಒಯ್ಯುವಾಗ ಇನ್ನೊಂದು. ನಾನೂ ಬೈದು ಬೈದು ಸಾಕಾಗಿ ಬಿಟ್ಟುಬಿಟ್ಟೆ.

ಜೊಯಿಡಾದಲ್ಲಿ ಬಸುರಿಯರ ಸ್ಯಾಂಪಲ್ಲು ಬಹಳ ಬರುತ್ತಿದ್ದವು. ಮದುವೆಯಾದ ವರ್ಷ ಹುಡುಕಿದರೂ ಒಂದು ಕೊಕ್ಕೆಹುಳದ ಮೊಟ್ಟೆ ಸಿಗದ ಹೆಣ್ಣುಮಗಳಿಗೆ ಏಳು ತಿಂಗಳು ತುಂಬಿದಾಗ ನೋಡಿದರೆ ಕಣ್ಣು ಹಾಯಿಸಿದಲ್ಲೆಲ್ಲ ಮೊಟ್ಟೆ. ಅಲ್ಲಿನ ಲೇಡಿ ಡಾಕ್ಟರಿಗೆ ಪುರಸೊತ್ತಿದ್ದಾಗ ಕಲಿಸುವ ಚಟ. ಹೀಗೇಕೆ ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಹೊಟ್ಟ್ಯಾಗಿನ ಕೂಸು ಅಂದ್ರ ಅರ್ಧ ಗಂಡನ ಮನೀದು. ಮೈಗೆ ಅದು ಪರರದ. ಅದನ್ನ ಹೊರಗ ದಬ್ಬಬಾರದು ಅಂತ ಬಸುರಿನ ಹಾರ್ಮೋನು ಮೈಯಾಗಿನ ಕಾವಲಿನವರಿಗೆ ತಟಗ ಸುಮ್ಮನಿರ್ರಿ ಅಂತ ಹೇಳತೈತಿ," ಎಂದರು. "ಕಾವಲಿನವರು ಸುಮ್ಮನಾದ್ರ ಕೂಸಿಗೊಂದ ಅಲ್ಲವ್ವಾ, ಹುಳಕ್ಕೂ ಹಬ್ಬ."

ಬೀಗರು ಬರುತ್ತಾರೆಂದು ಬಾಗಿಲು ತೆರೆದಿಟ್ಟರೆ ಬೀದಿನಾಯಿಯೂ ಒಳಗೆ ಬರುತ್ತದೆ, ಅಷ್ಟೇ ವಿಷಯ. ಮನುಷ್ಯರ ಮೈ ಇಷ್ಟು ಕೆಟ್ಟದಾಗಿ ನಡೆಯುವ ಸಂಸಾರ ಎಂದು ನನಗೆ ಗೊತ್ತಾದದ್ದು ಆವತ್ತು. ಆಮೇಲೆ ನನಗೂ ಮದುವೆಯಾಯಿತು, ದಾಂಡೇಲಿಗೆ ಬಂದೆ, ಒಂದು ಖಾಸಗಿ ಲ್ಯಾಬು ಸೇರಿದೆ. ಗಂಡ ಕಾಗದದ ಗಿರಣಿಯಲ್ಲಿ. ಬಂಗೂರನಗರದ ಹತ್ತಿರ ಎರಡು ಖೋಲಿಯ ಮನೆ. ಮನೆಯಲ್ಲಿ ಅತ್ತೆ.

ಅತ್ತೆಯ ತವರು ಹಳಿಯಾಳ ತಾಲ್ಲೂಕಿನ ತೇರಗಾಂವ. ಚಪ್ಪಲಿಯೆಂದರೆ ಅವರಿಗೆ ಊರಿಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಳ್ಳುವ ಸಾಮಾನು. ಹುಡುಗಿಯಾಗಿದ್ದಾಗಿನಿಂದ ನಟ್ಟಿ, ಕಳೆ, ಕೊಯ್ಲು ಎಲ್ಲ ಬರಿಗಾಲಲ್ಲೇ. ಮದುವೆಯಾದ ಮೇಲೂ ಪ್ರತಿ ಮಳೆಗಾಲ ತಮ್ಮನ ಗದ್ದೆಗೆ ನಟ್ಟಿಗೆ ಹೋಗುವುದನ್ನು ಮೊಣಕಾಲು ಕೈಕೊಡುವವರೆಗೂ ಬಿಟ್ಟವರಲ್ಲ. ಭೂಮಿ ಅಂದರೆ ಲಕ್ಷ್ಮಿ, ಲಕ್ಷ್ಮಿಯ ಮೇಲೆ ಚಪ್ಪಲಿ ಹಾಕಬಾರದು. ಅದೇ ಲಕ್ಷ್ಮಿಯ ಬದುವಿನ ಮೇಲೆ ಮುಂಜಾನೆ ಇಡೀ ಊರು ತಂಬಿಗೆ ಹಿಡಿದು ಕೂರುತ್ತಿತ್ತು, ಅದಕ್ಕೆ ಅಡ್ಡಿಯಿರಲಿಲ್ಲ. ಈ ಮಾತನ್ನು ನಾನು ಒಮ್ಮೆ ಅವರ ಮುಂದೆ ಆಡಿ ಎರಡು ದಿನ ಮಾತು ಬಿಡಿಸಿಕೊಂಡಿದ್ದೆ.

ಮೊಣಕಾಲು ಸವೆದ ಮೇಲೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು. ನಾಲ್ಕು ವರ್ಷ ನಾನು ಒಳಗೆ ರೊಟ್ಟಿ ಬಡಿದೆ, ಅವರು ಬಾಗಿಲಲ್ಲಿ ಕೂತು ಅದರಲ್ಲಿ ತಪ್ಪು ಹುಡುಕಿದರು.

"ಇದೇನ ರೊಟ್ಟಿನೋ, ಇಂಡಿಯಾ ನಕಾಶೆನೋ?"

"ತಿನ್ನಾಕ ಬರತೈತಿ ತಿನ್ರಿ ಅತ್ತಿ. ಪರೀಕ್ಷಾದಾಗ ಬರದಿಡಾಕ ಅಲ್ಲ."

ಹೀಗೆ ನಮ್ಮ ಸಂಸಾರ ಚೆನ್ನಾಗಿಯೇ ನಡೆದಿತ್ತು. ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಬೈಸಿಕೊಂಡು, ಓಡಿ ಹೋಗಿ ಲ್ಯಾಬಿನ ಶಟರ್ ಎತ್ತುವಷ್ಟರಲ್ಲಿ ನನ್ನ ಸೊಂಟ ಹೋಗಿರುತ್ತಿತ್ತು. ಈ ಸೊಂಟದ ಮಾತು ಯಾಕೆ ಹೇಳುತ್ತಿದ್ದೇನೆ ಎಂದರೆ ಮುಂದೆ ನಾನು ಮಾಡಿದ ತಪ್ಪಿಗೆ ಅದೇ ನನ್ನ ಏಕೈಕ ಸಮರ್ಥನೆ.

ಎರಡು ವರ್ಷದ ಕೆಳಗೆ ಅತ್ತೆ ತೇರಗಾಂವಕ್ಕೆ ತಮ್ಮನ ಮನೆಗೆ ಹೋಗಿ ಎಂಟು ದಿನ ಇದ್ದು ಬಂದರು. ಹೋಗುವಾಗ ನಾನು, ಗಂಡ ಇಬ್ಬರೂ ತೋಳಿಗೆ ತೋಳು ಕೊಟ್ಟು ಬಸ್ಸು ಹತ್ತಿಸಿದ್ದೆವು. ಬರುವಾಗ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದುಕೊಂಡು ಬಂದರು, ಚಪ್ಪಲಿ ಕೈಯಲ್ಲಿ. ಮರುದಿನ ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಜೋಳದ ಹಿಟ್ಟು ನಾದುತ್ತಿದ್ದರು.

"ಮೊಣಕಾಲು ಹೆಂಗದಾವ್ರಿ ಅತ್ತಿ?"

"ಹುಣ್ಣಿವಿ ಉಪಾಸ ಹಿಡದಿದ್ನಲ್ಲ, ದೇವರು ಕಣ್ಣ ತೆರದ. ನೀ ಹೋಗು, ಮಾರಿ ತೊಳ್ಕೊಂಡು ಬಾ. ಬಿಸಿ ಐತಿ."

ನಾನು ಮುಖ ತೊಳೆದುಕೊಂಡು ಬಂದೆ. ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಎಣ್ಣೆಗಾಯಿ. ಮದುವೆಯಾದ ಮೇಲೆ ಮೊದಲ ಸಲ ಆ ಮನೆಯಲ್ಲಿ ಕೂತು ಉಂಡೆ. ಯಾರಾದರೂ ಬಡಿಸಿದ್ದನ್ನು ಉಂಡು, ತಟ್ಟೆ ಬಿಟ್ಟು ಎದ್ದು ಕೆಲಸಕ್ಕೆ ಹೋಗುವುದು ಎಂಥ ಸುಖ ಎಂದು ಗಂಡಸರಿಗೆ ಕೇಳಿದರೆ ಗೊತ್ತಾಗುವುದಿಲ್ಲ, ಅವರಿಗೆ ಅದು ಸುಖ ಎಂದೇ ತಿಳಿದಿಲ್ಲ. ನನಗೆ ತಿಳಿಯಿತು. ದೇವರು ಕಣ್ಣು ತೆರೆದಿದ್ದಾನೆ ಎಂದು ನಾನೂ ಒಪ್ಪಿಕೊಂಡೆ. ನಾನು ದೇವರನ್ನು ನಂಬುವವಳಲ್ಲ, ರೊಟ್ಟಿ ಸಿಕ್ಕರೆ ನಂಬುತ್ತೇನೆ.

ಎರಡನೆಯ ತಿಂಗಳಿಗೆ ಅತ್ತೆಯ ಮುಖ ದುಂಡಗಾಯಿತು. ಒಳಗೆ ಹೋಗಿದ್ದ ಗಲ್ಲ ತುಂಬಿಕೊಂಡು, ಕಣ್ಣು ಸಣ್ಣವಾಗಿ, ಕತ್ತಿನ ಹಿಂದೆ ಒಂದು ಸಣ್ಣ ದಿಂಬಿನಂತೆ ಮಾಂಸ ಬಂತು. ಕೈಕಾಲು ಮಾತ್ರ ಸಣ್ಣಗಾದವು. ಬಳೆ ತಾಗಿದಲ್ಲೆಲ್ಲ ನೀಲಿ ಕಲೆ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಮೆಚ್ಚಿದರು.

"ಏನ್ರಿ ಆಯಿ, ಮಾರಿ ಮ್ಯಾಲ ಕಳಿ ಬಂದೈತಲ್ರಿ. ಸೊಸಿ ಚಲೋ ಜ್ವಾಪಾನ ಮಾಡಾಕತ್ತಾಳಂತ ಕಾಣತೈತಿ."

ಆ ಹೊಗಳಿಕೆಯನ್ನು ನಾನು ಬೇಡ ಅನ್ನಲಿಲ್ಲ. "ಹೌದ್ರಿ, ದಿನಾ ಹಾಲು ಕೊಡ್ತೇನ್ರಿ," ಎಂದೆ. ಹಾಲು ಕೊಡುತ್ತಿದ್ದುದು ಸುಳ್ಳು.

ಈಗ ನಿಜ ಹೇಳಿಬಿಡುತ್ತೇನೆ. ಆ ಮುಖ ಏನೆಂದು ನನಗೆ ಗೊತ್ತಿತ್ತು. ಡಾಕ್ಟರರ ಪುಸ್ತಕದಲ್ಲಿ ಅದಕ್ಕೆ ಚಂದ್ರನ ಮುಖ ಎಂದೇ ಹೆಸರು. ನಮ್ಮ ಕಿಡ್ನಿಗಳ ನೆತ್ತಿಯ ಮೇಲೆ ಟೊಪ್ಪಿಗೆ ಇಟ್ಟಂತೆ ಒಂದೊಂದು ಗ್ರಂಥಿ ಇದೆ. ಹೆದರಿಕೆ, ಜ್ವರ, ಉಪವಾಸ ಏನೇ ಬರಲಿ, ಅದು ಒಂದು ಹಾರ್ಮೋನು ಬಿಟ್ಟು ಮೈಯನ್ನು ಸಂಭಾಳಿಸುತ್ತದೆ. ಅದರ ನಕಲು ಸ್ಟೀರಾಯ್ಡ್ ಗುಳಿಗೆ. ಡಾಕ್ಟರು ಅಳೆದು ಕೊಟ್ಟರೆ ಅಮೃತ. ಸಂತೆಯಲ್ಲಿ ಕೂರುವ ಕೆಲವು ಪುಡಿ ವೈದ್ಯರು ಅದನ್ನೇ ಅರೆದು ಬೂದಿಬಣ್ಣದ ಪುಡಿಯಲ್ಲಿ ಕಲಸಿ, ಗಿಡಮೂಲಿಕೆ ಎಂದು ಮೊಣಕಾಲಿಗೆ ಮಾರುತ್ತಾರೆ. ಬಾವು ಇಳಿಯುತ್ತದೆ, ನೋವು ಹೋಗುತ್ತದೆ, ಮುದುಕಿಯರು ಕುಣಿಯುತ್ತಾರೆ, ಮುಖ ಚಂದ್ರನಾಗುತ್ತದೆ. ಇಂಥ ಮುಖಗಳು ಸೂಜಿಗೆ ಕೈಯೊಡ್ಡಿ ನನ್ನ ಮುಂದೆ ಎಷ್ಟೋ ಸಲ ಕೂತಿವೆ. ಅವರಿಗೆಲ್ಲ ನಾನು ಬೈದು ಬುದ್ಧಿ ಹೇಳಿದ್ದೇನೆ. ಮನೆಯಲ್ಲಿ ಅದೇ ಮುಖ ಎದುರಿಗೆ ಕೂತು ರೊಟ್ಟಿ ಬಡಿಸುವಾಗ ನಾನು ತಟ್ಟೆ ನೋಡಿಕೊಂಡು ಉಂಡೆ. ಕೇಳಿದರೆ ಹೇಳುತ್ತಾರೆ, ಹೇಳಿದರೆ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಅವರು ಕುರ್ಚಿಗೆ, ನಾನು ಒಲೆಗೆ. ನಾಳೆ ಕೇಳೋಣ ಎಂದುಕೊಂಡೆ. ನಾಲ್ಕು ತಿಂಗಳು ದಿನವೂ ಹಾಗೇ ಅಂದುಕೊಂಡೆ.

ಆರನೆಯ ತಿಂಗಳು ಅತ್ತೆಯ ಸೊಂಟದ ಮೇಲೆ ಒಂದು ಕೆಂಪು ಗೆರೆ ಎದ್ದಿತು. ಬಹಳ ತುರಿಕೆ. ಬೆಳಿಗ್ಗೆ ಬಲಕ್ಕಿದ್ದದ್ದು ಮಧ್ಯಾಹ್ನಕ್ಕೆ ಅರ್ಧ ಗೇಣು ಮುಂದೆ ಸರಿದಿತ್ತು. "ಜ್ಯಾಡ ಉಚ್ಚಿ ಹೊಯ್ದೈತಿ," ಎಂದು ಕೆಮ್ಮಣ್ಣು ಹಚ್ಚಿಕೊಂಡರು. ಜೇಡದ ಉಚ್ಚೆ ನಡೆದಾಡುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಆಮೇಲೆ ಹೊಟ್ಟೆನೋವು, ಭೇದಿ. ಆಮೇಲೆ ಕೆಮ್ಮು, ದಮ್ಮು. ರಾಗಿ ಬೀಸಿದಂತೆ ಎದೆಯಲ್ಲಿ ಸಪ್ಪಳ. ಗಂಡ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದವರ ದಮ್ಮು ಎಂದು ಅವರು ಒಂದು ಇಂಜೆಕ್ಷನ್ ಕೊಟ್ಟರು. ಅದೂ ಅದೇ ಹಾರ್ಮೋನಿನ ಜಾತಿಯದು. ಡಾಕ್ಟರದು ಏನೂ ತಪ್ಪಿರಲಿಲ್ಲ, ಪುಡಿಯ ಮಾತನ್ನು ಅವರ ಮುಂದೆ ಯಾರೂ ಎತ್ತಿರಲಿಲ್ಲ. ಒಂದು ದಿನ ಆರಾಮೆನಿಸಿತು. ಮರುದಿನದಿಂದ ಅತ್ತೆಗೆ ಮಲಗಲು ಆಗದು, ಕೂತೇ ಉಸಿರೆಳೆಯಬೇಕು.

ಆಗ ನಾನು ಅವರ ರಕ್ತ ತೆಗೆದು ಲ್ಯಾಬಿಗೆ ಒಯ್ದೆ. ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಬಿಳಿ ಕಣಗಳನ್ನು ಎಣಿಸುವುದು ನನ್ನ ದಿನದ ಕೆಲಸ. ಆ ಬಿಳಿ ಕಣಗಳಲ್ಲಿ ಇಯೋಸಿನೋಫಿಲ್ ಎಂಬುದೊಂದು ಜಾತಿ. ಹೊಟ್ಟೆಯಲ್ಲಿ ಬೂಂದಿ ತುಂಬಿಕೊಂಡಂತೆ ಕೇಸರಿ ಕಾಳು ತುಂಬಿಕೊಂಡಿರುತ್ತದೆ. ಹುಳ ಬಂದರೆ ಜಗಳಕ್ಕೆ ಹೋಗುವವು ಇವೇ. ಬರಿಗಾಲಲ್ಲಿ ಗದ್ದೆ ತುಳಿದ ನಮ್ಮ ಭಾಗದವರ ರಕ್ತದಲ್ಲಿ ಅವು ಹೆಚ್ಚೇ ಇರುತ್ತವೆ. ಹೊರಗಿನಿಂದ ವರ್ಗವಾಗಿ ಬಂದ ಡಾಕ್ಟರುಗಳು ಮೊದಲ ವಾರ ನಮ್ಮ ರಿಪೋರ್ಟು ನೋಡಿ ಗಾಬರಿಯಾಗುವುದೂ ಉಂಟು.

ಅತ್ತೆಯ ರಕ್ತದಲ್ಲಿ ನೂರು ಕಣ ಎಣಿಸಿದೆ. ಒಂದೂ ಇರಲಿಲ್ಲ. ಇನ್ನೂ ನೂರು ಎಣಿಸಿದೆ. ಇಲ್ಲ. ಕಾಗದದ ಮೇಲೆ ಸೊನ್ನೆ ಬರೆದರೆ ನೋಡಿದವರು ಹುಳ ಇಲ್ಲ, ಅಲರ್ಜಿ ಇಲ್ಲ, ಚಲೋ ಆಯಿತು ಎನ್ನುತ್ತಾರೆ. ನನಗೆ ಮಾತ್ರ ಅದು ಚಲೋ ಕಾಣಲಿಲ್ಲ. ಅರವತ್ತು ವರ್ಷ ತೇರಗಾಂವದ ಕೆಸರು ತುಳಿದ ಕಾಲಿನ ಮೇಲೆ ನಿಂತ ಮೈಯಲ್ಲಿ ಸೊನ್ನೆ ಬರುವುದು ಕಾವಲಿನವರನ್ನೆಲ್ಲ ಯಾರೋ ಮಲಗಿಸಿದಾಗ ಮಾತ್ರ.

ಮನೆಗೆ ಬಂದು ನೇರ ಕೇಳಿದೆ. "ಅತ್ತಿ, ಮೊಣಕಾಲಿಗೆ ಏನರ ಪುಡಿ ತಗೊಳ್ಳಾಕತ್ತೀರೇನ್ರಿ?"

"ಪುಡಿ ಅಂದ್ರ ಚಟ್ನಿಪುಡಿ ಒಂದ."

"ಹಂಗಾದ್ರ ನಾಳೆ ಮುಂಜಾನೆ ಸಂಡಾಸದ ಸ್ಯಾಂಪಲ್ ಕೊಡ್ರಿ. ನಾ ನೋಡಬೇಕು."

ಅತ್ತೆ ದಮ್ಮಿನ ನಡುವೆಯೂ ನೆಟ್ಟಗೆ ಕೂತರು. "ಸೊಸಿ ಕೈಯಾಗ ಅದನ್ನ ಕೊಡಾಕ ನನಗ ತಲಿ ಕೆಟ್ಟೈತೇನ? ನಾಳೆ ಜಗಳ ಬಂದ್ರ ಅದನ್ನೂ ಎತ್ತಿ ಆಡತಿ ನೀ."

ಅವರು ಹೇಳಿದ್ದು ಸುಳ್ಳಲ್ಲ, ನಾನು ಎತ್ತಿ ಆಡುವವಳೇ. ಆದರೆ ಆ ಹೊತ್ತಿಗೆ ನನಗೆ ಸಿಟ್ಟು ನೆತ್ತಿಗೇರಿತು. "ಸಾಯ್ತೀರಿ ಅತ್ತಿ," ಎಂದೆ. "ಸತ್ರ ಮರ್ಯಾದಿಯಿಂದ ಸಾಯ್ತೇನಿ," ಎಂದರು. ಗಂಡ ನಡುವೆ ನಿಂತು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದರು. ಬೇರೆ ಲ್ಯಾಬಿಗೆ ಕೊಡಿ ಎಂದೆ. ಅಲ್ಲಿಯವರು ನನ್ನ ಗುರುತಿನವರು, ನನಗೆ ಹೇಳಿಬಿಡುತ್ತಾರೆ ಎಂದು ಅದಕ್ಕೂ ಒಲ್ಲೆ ಎಂದರು. ಹೀಗೆ ಎರಡು ದಿನ ಹೋದವು. ಎರಡು ದಿನದಲ್ಲಿ ಅತ್ತೆಯ ತುಟಿಯ ಬಣ್ಣ ಬದಲಾಯಿತು.

ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಗಂಡ ಲ್ಯಾಬಿಗೆ ಬಂದರು. ಕೈಯಲ್ಲಿ ಪೇಪರ್ ಸುತ್ತಿದ ಒಂದು ಪೊಟ್ಟಣ.

"ನಮ್ಮ ಖಾತೆಯಾಗ ಕೆಲಸಾ ಮಾಡೋ ಒಬ್ಬಂದು," ಎಂದರು. "ಹೊಟ್ಟಿ ಕೆಟ್ಟೈತಂತ. ಲಗೂನ ನೋಡಿ ಹೇಳು."

"ವಯಸ್ಸೆಷ್ಟು?"

"ಮೂವತ್ತೆರಡು ಬರಕೋ."

ಗಂಡಸು, ಮೂವತ್ತೆರಡು ಎಂದು ಬರೆದುಕೊಂಡೆ. ಪೇಪರಿನ ಒಂದು ಮೂಲೆ ಸರಿಸಿ, ಡಬ್ಬಿಯ ಮುಚ್ಚಳ ಓರೆ ಮಾಡಿ, ಕಡ್ಡಿಯಿಂದ ತುಸು ತೆಗೆದು ಉಪ್ಪುನೀರಿನ ಹನಿಯಲ್ಲಿ ಕದಡಿ ಗಾಜು ಮುಚ್ಚಿದೆ. ಗಂಡ ಹೋಗದೆ ಅಲ್ಲೇ ನಿಂತಿದ್ದರು. ಸಾಮಾನ್ಯವಾಗಿ ನನ್ನ ಲ್ಯಾಬಿನ ಹೊಸ್ತಿಲು ದಾಟಿದರೆ ಮೂಗು ಮುಚ್ಚಿಕೊಳ್ಳುವ ಮನುಷ್ಯ.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಬೇರೆ ಹುಳಗಳಾದರೆ ಮೊಟ್ಟೆ ಕಾಣುತ್ತದೆ, ಮೊಟ್ಟೆ ಸುಮ್ಮನೆ ಬಿದ್ದಿರುತ್ತದೆ. ಇಲ್ಲಿ ಮೊಟ್ಟೆ ಇರಲಿಲ್ಲ, ಮರಿಗಳೇ ಇದ್ದವು. ಜೀವಂತ. ಕಣ್ಣು ಹಾಯಿಸಿದಲ್ಲೆಲ್ಲ ಮೈ ಹೊಸೆಯುತ್ತಿದ್ದವು, ಒಂದರ ಮೇಲೊಂದು. ಇದು ಪಾದದ ಚರ್ಮ ತೂರಿ ಒಳಗೆ ಬರುವ, ನೂಲಿನ ಎಳೆಗಿಂತ ಸಣ್ಣ ಹುಳ. ಅದರ ಹೆಸರು ಹೇಳಲು ನಾಲಿಗೆ ಎರಡು ಸಲ ಹೊರಳಬೇಕು: ಸ್ಟ್ರಾಂಜಿಲಾಯ್ಡಿಸ್. ಉಳಿದ ಹುಳಗಳ ಮೊಟ್ಟೆ ಮರಿಯಾಗಲು ಹೊರಗಿನ ಮಣ್ಣಿಗೆ ಹೋಗಬೇಕು, ಇದಕ್ಕೆ ಆ ತೊಂದರೆಯಿಲ್ಲ. ಒಳಗೇ ಹುಟ್ಟಿ, ಒಳಗೇ ಬೆಳೆದು, ಒಂದೇ ಮೈಯಲ್ಲಿ ಮೂವತ್ತು ನಲವತ್ತು ವರ್ಷ ಬಾಡಿಗೆ ಕೊಡದೆ ಇದ್ದುಬಿಡುತ್ತದೆ. ಕಾವಲಿನವರು ಎಚ್ಚರವಾಗಿರುವತನಕ ಬಾಲ ಮುದುರಿಕೊಂಡು ಇರುತ್ತದೆ. ಅವರು ಮಲಗಿದರೆ ಕರುಳು ತೂರಿ ಪುಪ್ಪುಸಕ್ಕೂ ಬರುತ್ತದೆ, ಚರ್ಮದ ಅಡಿಯಲ್ಲಿ ಕೆಂಪು ಗೆರೆ ಎಳೆಯುತ್ತಾ ನಡೆಯುತ್ತದೆ, ಎಲ್ಲಿಗೆ ಬೇಕಾದರೂ ಬರುತ್ತದೆ.

ಕಣ್ಣು ತೆಗೆಯದೆ ಗಂಡನಿಗೆ ಹೇಳಿದೆ. "ಈ ಮನಶ್ಯಾ ಎಲ್ಲಿದಾನ? ಇವತ್ತ ದವಾಖಾನಿಗೆ ಹಾಕಲಿಲ್ಲಂದ್ರ ಉಳಿಯೂದಿಲ್ಲ ಅಂತ ಅವರ ಮನಿಯವರಿಗೆ ಹೇಳ್ರಿ. ಸ್ಟೀರಾಯ್ಡ್ ತಗೊಂತಿರಬೇಕು ಅಂವ."

ತಿರುಗಿ ನೋಡಿದರೆ ಗಂಡ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು.

"ಅವ್ವಂದು ಅದು," ಎಂದರು. "ನಿನಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾಳ."

ಪೇಪರ್ ಪೂರ್ತಿ ಬಿಡಿಸಿದೆ. ನಾನು ದಿನಾ ಶೇಂಗಾ ಚಟ್ನಿಪುಡಿ ಹಾಕಿಕೊಂಡು ಕೆಲಸಕ್ಕೆ ತರುವ ನನ್ನದೇ ಡಬ್ಬಿ. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ಬಂದ ನಗು ಬಾಯಿಯಲ್ಲೇ ಅಳುವಾಯಿತು. ಗಂಡ ಬೆನ್ನು ಸವರಲು ಬಂದರು. ಕೈ ತಳ್ಳಿ, ಮೊದಲು ಗಾಡಿ ನೋಡ್ರಿ ಎಂದೆ. ನನಗೆ ನನ್ನ ಮೇಲೇ ಹೇಸಿಗೆಯಾಗಿತ್ತು. ಅಪರಿಚಿತನ ಸ್ಯಾಂಪಲ್ಲು ನೋಡಿ ಒಂದು ನಿಮಿಷದಲ್ಲಿ ಸ್ಟೀರಾಯ್ಡ್ ಎಂದ ಬಾಯಿ, ಮನೆಯಲ್ಲಿ ನಾಲ್ಕು ತಿಂಗಳು ರೊಟ್ಟಿ ತುಂಬಿಕೊಂಡು ಮುಚ್ಚಿಕೊಂಡಿತ್ತು.

ಮನೆಗೆ ಹೋದಾಗ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಮುಖ ನೋಡಿಯೇ ತಿಳಿದುಕೊಂಡರು. ಮಗನ ಕಡೆ ಒಮ್ಮೆ ನೋಡಿ, ಸೊಂಟದ ಸಂಚಿಯಿಂದ ನಾಲ್ಕು ಕಾಗದದ ಪೊಟ್ಟಣ ತೆಗೆದು ನೆಲದ ಮೇಲಿಟ್ಟರು.

"ತಗೋ. ಇದ ಅಲ್ಲ ನಿನಗ ಬೇಕಾಗಿದ್ದು?"

ಅವನ್ನು ಮೋರಿಗೆ ಎಸೆಯಲು ಎತ್ತಿದವಳು ಕೈ ತಡೆದುಕೊಂಡೆ. ಹೊರಗಿನಿಂದ ಹಾರ್ಮೋನು ಬರುತ್ತಿದ್ದರೆ ಒಳಗಿನ ಗ್ರಂಥಿ ಕೆಲಸ ಬಿಟ್ಟು ಮಲಗಿರುತ್ತದೆ. ಹೊರಗಿನದನ್ನು ಒಮ್ಮೆಲೇ ನಿಲ್ಲಿಸಿದರೆ ಹುಳ ಕೊಲ್ಲುವ ಮುಂಚೆ ಅದೇ ಕೊಲ್ಲುತ್ತದೆ. ಪೊಟ್ಟಣಗಳನ್ನು ಪರ್ಸಿನಲ್ಲಿ ಹಾಕಿಕೊಂಡೆ. ಗಾಜಿನ ಸ್ಲೈಡು, ಚಟ್ನಿಯ ಡಬ್ಬಿ, ಸೊನ್ನೆಯ ರಿಪೋರ್ಟು ಎಲ್ಲ ಕಟ್ಟಿಕೊಂಡು ಬಾಡಿಗೆ ಗಾಡಿಯಲ್ಲಿ ಧಾರವಾಡದ ಹಾದಿ ಹಿಡಿದೆವು. ಹಳಿಯಾಳದ ಸಂತೆ ಮಾಳ ಬಂದಾಗ ಅತ್ತೆ ಕಿಟಕಿಯಿಂದ ಕೈ ತೋರಿಸಿದರು.

"ಅಲ್ಲೇ ನೋಡು, ಆ ಗಿಡದ ಬುಡಕ ಕುಂದರತಾನ ಪುಡಿ ಕೊಡಾಂವ. ಇಲ್ಲಿ ಸಂತಿ ಮುಗಿಸಿ ಮುಂಡಗೋಡಕ್ಕ ಹೋಗತಾನ. ಮಾತು ಭಾಳ ಮರ್ಯಾದಿಯಿಂದ ಆಡತಾನವಾ, ಆಯಿ ಆಯಿ ಅಂತಾನ. ನಿನ್ನಂಗಲ್ಲ."

"ಅವನ ಮನೀಗೇ ಸೊಸಿ ಆಗಿ ಹೋಗ್ರಿ," ಎಂದೆ. ಅತ್ತೆಗೆ ನಗಲು ಉಸಿರು ಸಾಲಲಿಲ್ಲ.

ಆಸ್ಪತ್ರೆಯಲ್ಲಿ ನೇರ ಐಸಿಯುಗೆ ಹಾಕಿದರು. ಹುಳ ಕರುಳಿನಿಂದ ಹೊರಡುವಾಗ ಅಲ್ಲಿನ ಬ್ಯಾಕ್ಟೀರಿಯಾಗಳನ್ನೂ ಬೆನ್ನಿಗೆ ಹತ್ತಿಸಿಕೊಂಡು ರಕ್ತಕ್ಕೆ ತಂದಿತ್ತು. ವಯಸ್ಸಿನಲ್ಲಿ ಸಣ್ಣವರಾದ ಒಬ್ಬ ಡಾಕ್ಟರು ನನ್ನ ಸ್ಲೈಡು ಇಸಿದುಕೊಂಡು ನೋಡಿ ಬಂದರು. ಪುಡಿಯ ಹಾರ್ಮೋನು ಕಾವಲನ್ನು ಮಲಗಿಸುವುದಷ್ಟೇ ಅಲ್ಲ, ಹುಳದ ಮರಿಗಳಿಗೇ ಬೇಗ ಪೊರೆ ಕಳಚಿ ಬೆಳೆಯಿರಿ ಎಂದು ಸನ್ನೆ ಕೊಡುತ್ತದೆಂದೂ ಕೆಲವರು ಹೇಳುತ್ತಾರೆ, ಇನ್ನೂ ಖಚಿತವಿಲ್ಲ ಎಂದರು. ಹುಳದ ಗುಳಿಗೆ ಶುರುವಾಯಿತು, ಸ್ಟೀರಾಯ್ಡನ್ನು ಅಳೆದು ಅಳೆದು ಇಳಿಸಿದರು. ಅತ್ತೆ ಉಳಿಯುತ್ತಾರೆ ಎಂದು ಐದು ದಿನ ಯಾರೂ ಹೇಳಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕೂತು, ಈ ಮುದುಕಿ ಎದ್ದು ಬಂದು ನನ್ನ ರೊಟ್ಟಿಗೆ ನಕಾಶೆ ಎಂದು ಹೆಸರಿಡಲಿ, ಜೀವನ ಪೂರ್ತಿ ಕೇಳಿಕೊಳ್ಳುತ್ತೇನೆ ಎಂದು ನಂಬದ ದೇವರಿಗೆ ಮಾತು ಕೊಟ್ಟೆ.

ಆರನೆಯ ದಿನ ಅತ್ತೆ ಕಣ್ಣು ತೆರೆದು, ಕೂತು ಗಂಜಿ ಕುಡಿದರು. ಡಾಕ್ಟರು ಬಂದು ಕಡತದಲ್ಲಿ ಬರೆದುಕೊಳ್ಳುತ್ತಾ ಕೇಳಿದರು. "ಮುಖ ಬಾತದ್ದು ಯಾವಾಗಿನಿಂದ? ನೀವು ಲ್ಯಾಬಿನವರು, ಮನ್ಯಾಗ ಇದ್ದವರು. ನಿಮ್ಮ ಗಮನಕ್ಕ ಬರಲಿಲ್ಲೇನ್ರಿ?"

"ಇಲ್ಲ ಸರ್," ಎಂದೆ. ಬಾಯಿಂದ ತಾನಾಗಿ ಬಂತು.

ಅತ್ತೆ ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕ್ ಎತ್ತಿ ಹಿಡಿದರು. "ದಿನಾ ಮುಂಜಾನಿಂದ ಸಂಜಿತನಾ ಮಂದೀದು ನೋಡಿ ನೋಡಿ ಬರತಾಳ್ರಿ ಆಕಿ. ಮನೀಗೆ ಬಂದು ನನ್ನ ಮಾರಿ ಎಲ್ಲಿ ನೋಡಬೇಕ್ರಿ?"

ಡಾಕ್ಟರು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಅದು ನನ್ನನ್ನು ಉಳಿಸಿದ ಮಾತೋ, ಹೊಡೆದ ಮಾತೋ ಆಗ ತಿಳಿಯಲಿಲ್ಲ.

ಮೂರು ವಾರಕ್ಕೆ ಮನೆಗೆ ಬಂದರು. ತಿಂಗಳ ನಂತರ ಮತ್ತೆ ರಕ್ತ ತೆಗೆದು ಎಣಿಸಿದೆ. ಈ ಸಲ ಸ್ಯಾಂಪಲ್ಲನ್ನೂ ತಕರಾರಿಲ್ಲದೆ ಕೊಟ್ಟರು, ಅದೂ ಲ್ಯಾಬಿನ ಡಬ್ಬಿಯಲ್ಲೇ. ಹುಳ ಇರಲಿಲ್ಲ. ರಕ್ತದಲ್ಲಿ ನೂರಕ್ಕೆ ಏಳು ಇಯೋಸಿನೋಫಿಲ್, ಹೊಟ್ಟೆ ತುಂಬ ಬೂಂದಿ ಹೊತ್ತುಕೊಂಡು ಕೂತಿದ್ದವು. ಮೈಕ್ರೋಸ್ಕೋಪಿನ ಮುಂದೆ ಕೂತು ಅವನ್ನು ಮತ್ತೆ ಮತ್ತೆ ನೋಡಿದೆ. ಓಣಿಗೆಲ್ಲ ಸಕ್ಕರೆ ಹಂಚಬೇಕೆನಿಸಿತು, ಯಾಕೆ ಎಂದು ಕೇಳಿದರೆ ಹೇಳುವುದೇನು ಎಂದು ಬಿಟ್ಟೆ.

ಮುಖ ನಿಧಾನಕ್ಕೆ ಇಳಿದು ಹಳೆಯದಾಯಿತು. ಓಣಿಯವರು ಈಗ ಸೊಸೆ ಹೊಟ್ಟೆಗೆ ಹಾಕುವುದಿಲ್ಲವೇನೋ ಎಂದು ನನ್ನನ್ನು ಓರೆಗಣ್ಣಿನಿಂದ ನೋಡುತ್ತಾರೆ. ಮೊಣಕಾಲಿನ ನೋವು ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಅತ್ತೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರೆ, ಬಂದು ಕೂತು ಕಣ್ಣು ಮುಚ್ಚುತ್ತಾರೆ. ಬೈಗುಳವೂ ಕಡಿಮೆಯಾಗಿದೆ, ಅದೇ ನನಗೆ ತಡೆಯಲಾಗದ್ದು.

ಒಂದು ರವಿವಾರ ಮಧ್ಯಾಹ್ನ ಎಣ್ಣೆ ಬಿಸಿ ಮಾಡಿ ಅವರ ಮೊಣಕಾಲಿಗೆ ತಿಕ್ಕುತ್ತಿದ್ದೆ. ಗಂಡ ಡ್ಯೂಟಿಗೆ ಹೋಗಿದ್ದರು. ತಲೆ ಎತ್ತದೆ ಹೇಳಿಬಿಟ್ಟೆ.

"ಅತ್ತಿ, ಡಾಕ್ಟರ ಮುಂದ ನಾ ಸುಳ್ಳ ಹೇಳಿದ್ನಿ. ನಿಮ್ಮ ಮಾರಿ ನೋಡಿದಾಗ ನನಗ ಗೊತ್ತಾಗಿತ್ರಿ. ನಾಕು ತಿಂಗಳು ಗೊತ್ತಿತ್ತು."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಿನಗ ಗೊತ್ತೈತಿ ಅಂತ ನನಗೂ ಗೊತ್ತಿತ್ತು," ಎಂದರು ಅತ್ತೆ. "ಪುಡಿ ಬಿಡಸ್ತಿ ಅಂತ ಅಂಜಿಕಿ. ಹೊಟ್ಟಿ ತುಂಬಿದ್ರ ಬಾಯಿ ತೆಗ್ಯಾಂಗಿಲ್ಲ ಇಕಿ ಅಂತ, ಅದಕ್ಕ ದಿನಾ ಬಿಸಿ ರೊಟ್ಟಿ ಹಾಕ್ತಿದ್ನಿ."

ನನ್ನ ಕೈ ನಿಂತಿತು.

"ತಿಕ್ಕು," ಎಂದರು.